ಸೋವಿ ಸುದ್ದಿ

ಮುಂಜಾನೆ ಚಹಾದ ಹೊತ್ತಿಗೆ ಫೋನು ಮುಟ್ಟಬೇಡಿರಿ ಎಂದು ಮನೆಯಲ್ಲಿ ಹೇಳುತ್ತಲೇ ಇರುತ್ತಾರೆ. ಮುಟ್ಟಿದೆ. ಪುಣೆಯ ಮಹಾಶಯರೊಬ್ಬರು ನಮ್ಮ ಆಟದ ರೈಲಿನವರ ಗುಂಪಿಗೆ ಒಂದು ಫೋಟೊ ಹಾಕಿದ್ದರು. ಊಟದ ಮೇಜಿನ ಮೇಲೊಂದು ಕೆಂಪು ಡಬ್ಬಿ, ಡಬ್ಬಿಯ ಮೇಲೆ ಗೇಣುದ್ದದ ಡೀಸೆಲ್ ಇಂಜಿನ್ನು, ಮಗ್ಗುಲಲ್ಲಿ ಬಿಲ್ಲು. ಬಿಲ್ಲಿನ ಮೊತ್ತ ಯಾರ ಕಣ್ಣಿಗೂ ತಪ್ಪಬಾರದೆಂದು ಅದರ ಸುತ್ತ ಹಸಿರು ಗೆರೆ. ಕೆಳಗೆ ಎರಡೇ ಮಾತು: ಅರ್ಧ ದರಕ್ಕೆ ಸಿಕ್ಕಿತು, ಅಂಗಡಿಯಲ್ಲಿ ಉಳಿದದ್ದು ಇದೊಂದೇ ಇತ್ತು.

ಹೆಬ್ಬೆರಳುಗಳು ಸಾಲಾಗಿ ಎದ್ದವು. ಚಪ್ಪಾಳೆ, ಹೂಗುಚ್ಛ ಎಲ್ಲ ಬಂದವು. ನಾನೂ ಒಂದು ಹೆಬ್ಬೆರಳು ಎತ್ತಿದೆ. ಎತ್ತದಿದ್ದರೆ ಹೊಟ್ಟೆಕಿಚ್ಚು ಅಂದಾರು; ಎತ್ತಿದ್ದೂ ಹೊಟ್ಟೆಕಿಚ್ಚಿನಿಂದಲೇ ಎಂಬುದು ನನ್ನಲ್ಲೇ ಇರಲಿ. ಇಂಜಿನ್ನು ಅವರಿಗೆ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರು ಸುದ್ದಿಯ ವೇಳೆಯದು. ಕೊಂಡ ಮೇಲೆ, ಅದೂ ಕಟ್ಟಕಡೆಯದನ್ನು ಕೊಂಡ ಮೇಲೆ ಹೇಳಿದರೆ ಆ ಸುದ್ದಿ ಇಟ್ಟುಕೊಂಡು ನಾವೇನು ಮಾಡಬೇಕು? ಅಂಗಡಿ ಯಾವುದು ಎಂದು ಚೆನ್ನೈನವರೊಬ್ಬರು ಕೇಳಿದರು. ಮಹಾಶಯರು ಒಂದು ನಗುಮುಖ ಕಳಿಸಿ ಸುಮ್ಮನಾದರು. ಚಹಾ ಅಷ್ಟರಲ್ಲಿ ಆರಿತ್ತು.

ರೈಲಿಲ್ಲದ ಊರಿನವನಿಗೆ ರೈಲಿನ ಹುಚ್ಚು ಎಲ್ಲಿಂದ ಅಂಟಿತು ಎಂದು ಕೇಳುವವರಿದ್ದಾರೆ. ನಾನು ಬನಹಟ್ಟಿಯವನು. ರಬಕವಿ ನಮಗೆ ಹೊಂದಿಕೊಂಡೇ ಇದೆ. ಆಚೆಗೆ ಜಮಖಂಡಿ, ಈಚೆಗೆ ಮುಧೋಳ, ಕೃಷ್ಣೆಯ ಹಿನ್ನೀರಿನ ಕಡೆಗೆ ಬೀಳಗಿ. ಬಾಗಲಕೋಟೆ–ಕುಡಚಿ ಮಾರ್ಗ, 142 ಕಿಲೋಮೀಟರು, 2010-11ರ ಹೊತ್ತಿಗೆ ಮಂಜೂರಾಯಿತು. ಬಾಗಲಕೋಟೆಯ ಕಡೆಯಿಂದ ಖಜ್ಜಿಡೋಣಿಯ ತನಕ ಹಳಿ ಬಿದ್ದ ಸುದ್ದಿ ಕೇಳಿ ನಾವು ಪೇಢೆ ಹಂಚಿದೆವು. ಆಮೇಲೆ ಧರಣಿ ಕೂತೆವು. ಈಗ ಪೇಢೆ ಮತ್ತು ಧರಣಿ ಎರಡೂ ಸರದಿಯ ಮೇಲೆ ನಡೆದಿವೆ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ನಮ್ಮ ತಾಲ್ಲೂಕಿನಿಂದ ರಾಷ್ಟ್ರಪತಿ ಭವನಕ್ಕೆ ದಾರಿಯಿತ್ತು, ರೈಲಿರಲಿಲ್ಲ.

ಹುಚ್ಚು ಹತ್ತಿದ್ದು ಮಿರಜದಲ್ಲಿ. ದೊಡ್ಡ ಕಾಯಿಲೆ ಎಂದರೆ ನಮ್ಮ ಕಡೆಯವರಿಗೆ ಆಗ ಮಿರಜದ ದವಾಖಾನೆಯೇ ಗತಿ. ಅಜ್ಜನನ್ನು ಅಲ್ಲಿ ಸೇರಿಸಿದ್ದಾಗ ಬಸ್ಸಿನಲ್ಲಿ ಕುಡಚಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ ಉಗಾರ, ಶೇಡಬಾಳ ದಾಟಿ ಹೋಗುತ್ತಿದ್ದೆವು. ಹಿರಿಯರೆಲ್ಲ ಅಜ್ಜನ ಚಿಂತೆಯಲ್ಲಿ ಇರುತ್ತಿದ್ದರು. ನನ್ನನ್ನು ಮಾಮಾನ ಕೈಗೊಪ್ಪಿಸಿ ಸ್ಟೇಷನ್ನಿನಲ್ಲೇ ಬಿಟ್ಟು ಹೋಗುತ್ತಿದ್ದರು. ಆ ಕಾಲದ ಮಿರಜದಲ್ಲಿ ಮೂರು ಅಳತೆಯ ಹಳಿಗಳಿದ್ದವು. ಪುಣೆಯ ಕಡೆಗೆ ಬ್ರಾಡ್ ಗೇಜು, ಬೆಳಗಾವಿ–ಹುಬ್ಬಳ್ಳಿಯ ಕಡೆಗೆ ಮೀಟರ್ ಗೇಜು, ಪಂಢರಪುರ–ಕುರ್ಡುವಾಡಿ–ಲಾತೂರಿನ ಕಡೆಗೆ ಬಾರ್ಸಿ ಲೈಟ್ ರೈಲ್ವೆಯವರು ಹಾಕಿದ್ದ ನ್ಯಾರೋ ಗೇಜು. ತಾಳ ಹಿಡಿದ ವಾರಕರಿಗಳು ಆ ಪುಟ್ಟ ಡಬ್ಬಿಗಳೊಳಗೆ ತಲೆ ಬಗ್ಗಿಸಿ ನುಗ್ಗುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ‘ಮೂರು ಯಾಕ ಮಾಮಾ?’ ಎಂದು ಕೇಳಿದ್ದಕ್ಕೆ ಮಾಮಾ ಬೀಡಿ ಆರಿಸುತ್ತ, ‘ಅಣ್ಣತಮ್ಮರ ಪಾಲಾಗೇತಿ’ ಅಂದಿದ್ದ. ಬಹಳ ವರ್ಷ ನಾನು ಅದನ್ನು ಖರೇ ಎಂದೇ ನಂಬಿದ್ದೆ.

ಈಗ ಮಿರಜದಲ್ಲಿ ಎಲ್ಲವೂ ಬ್ರಾಡ್ ಗೇಜು. ಹಳೆಯ ಮೂರು ಹಳಿಗಳ ಮಿರಜವನ್ನು ನಮ್ಮ ಮಗ್ಗದ ಮನೆಯ ಮಾಳಿಗೆಯ ಮೇಲೆ ಕಟ್ಟಬೇಕೆಂಬುದು ನನ್ನ ಹಂಚಿಕೆ. ಆಟದ ರೈಲಿನ ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಚಲಾವಣೆಯಲ್ಲಿರುವ ಅಳತೆ ಎಂಬತ್ತೇಳರಲ್ಲಿ ಒಂದು ಪಾಲು. ನಮ್ಮ ಬ್ರಾಡ್ ಗೇಜಿನ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19 ಚಿಲ್ಲರೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಳಿ 16.5ರದು, ಯುರೋಪಿನವರ ರೈಲಿಗೆ ಹೊಂದುವಂಥದ್ದು. ಮೀಟರ್ ಗೇಜಿಗೆ ಹನ್ನೊಂದೂವರೆ ಬೇಕು, 12ರದು ಸಿಗುತ್ತದೆ. ನ್ಯಾರೋ ಗೇಜಿಗೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ ಬೇಕು, 9ರದು ಸಿಗುತ್ತದೆ. ಅಂದರೆ ಮಿರಜದ ಅಣ್ಣತಮ್ಮರ ಪೈಕಿ ಕಿರಿಯರಿಬ್ಬರಿಗೆ ಹೆಚ್ಚೂಕಡಿಮೆ ನ್ಯಾಯ ಸಿಕ್ಕಿತು, ಹಿರಿಯಣ್ಣನ ಪಾಲಿನಲ್ಲಿ ಮೂರು ಮಿಲಿಮೀಟರು ಕಡಿತ. ಪುಣೆಯ ಕೋಥರೂಡಿನಲ್ಲಿ ಜೋಶಿಯವರ ಪುಟಾಣಿ ರೈಲಿನ ಮ್ಯೂಸಿಯಂ ಇದೆ, 1998ರಲ್ಲಿ ತೆರೆದದ್ದು. ಅದನ್ನು ನೋಡಿ ಬಂದ ಮೇಲೆ ನನ್ನ ಹಂಚಿಕೆ ಮಾಳಿಗೆಯಿಂದ ಪಕ್ಕದ ಕೋಣೆಗೂ ಚಾಚಿತು. ಮನೆಯಾಕೆ ಆ ಕೋಣೆಗೆ ತಾನೇ ಕೀಲಿ ಹಾಕಿಕೊಂಡಳು.

ಕೆಳಗೆ ಪಾವರ್‌ಲೂಮ್ ನಡೆದಿರುತ್ತವೆ. ಬೆಂಗಳೂರಿನ ನೆಂಟರೊಬ್ಬರು ನಮ್ಮಲ್ಲಿ ರಾತ್ರಿ ತಂಗಿದ್ದಾಗ, ಇಡೀ ರಾತ್ರಿ ಸೇತುವೆ ಮೇಲೆ ರೈಲು ಹೋದ ಹಾಗಿತ್ತಲ್ಲ ಎಂದರು. ರೈಲಿನ ಸಪ್ಪಳಕ್ಕೆ ನಾವೇನೂ ಕೊರತೆ ಮಾಡಿಕೊಂಡಿಲ್ಲ. ಕರೆಂಟು ಹೋದರೆ ಮಗ್ಗವೂ ನಿಲ್ಲುತ್ತದೆ, ಮೇಲೆ ನನ್ನ ಮಿರಜವೂ ನಿಲ್ಲುತ್ತದೆ. ಮಗ್ಗದ ಹುಡುಗರು ಬೀಡಿಗೆ ಹೊರಬೀಳುವಾಗ ‘ಗಾಡಿ ಎಲ್ಲಿ ನಿಂತೇತ್ರಿ?’ ಎಂದು ಕೇಳಿ ಹೋಗುತ್ತಾರೆ.

ಈ ಹುಚ್ಚು ತುಟ್ಟಿ. ಅದನ್ನು ಮೊದಲೇ ಹೇಳಬೇಕಿತ್ತು. ಒಂದು ಒಳ್ಳೆಯ ಇಂಜಿನ್ನಿಗೆ ಹತ್ತು ಹದಿನೈದು ಸಾವಿರ ಸಲೀಸಾಗಿ ಹೋಗುತ್ತದೆ. 2020ರ ಬಜೆಟ್ಟಿನಲ್ಲಿ ಹೊರದೇಶದ ಆಟಿಕೆಗಳ ಮೇಲಿನ ಸುಂಕ ಶೇ 20ರಿಂದ 60ಕ್ಕೆ ಏರಿತು. ಅಗ್ಗದ ಪ್ಲಾಸ್ಟಿಕ್ ಗೊಂಬೆಗಳನ್ನು ತಡೆಯಲು ಹಾಕಿದ ಬಲೆಯೊಳಗೆ ನಮ್ಮಂಥ ತಲೆ ನರೆತ ಮಕ್ಕಳೂ ಬಿದ್ದೆವು. ಆದ್ದರಿಂದ ಕೂಡಿ ತರಿಸುವ ಪದ್ಧತಿ ಬಂತು. ಒಬ್ಬರು ಪಾರ್ಸೆಲ್ ತರಿಸುವುದು, ಟಪಾಲು ಖರ್ಚನ್ನು ತೂಕದ ಮೇಲೆ ಹಂಚುವುದು, ದಾರಿಯಲ್ಲಿ ಏನಾದರೂ ಮುರಿದಿದ್ದರೆ ಅದು ತರಿಸಿದವರ ಪಾಲು. ಯಾರೂ ಬರೆದಿಟ್ಟದ್ದಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಪಾರ್ಸೆಲ್ಲಿನ ಮಟ್ಟಿಗೆ ಇಷ್ಟು ನೀತಿವಂತರಾದ ಇದೇ ಮಂದಿ ಸೋವಿ ಸುದ್ದಿ ಸಿಕ್ಕ ಕೂಡಲೇ ಯಾಕೆ ಬೇರೆಯವರಾಗಿಬಿಡುತ್ತಾರೆ ಎಂಬುದು ನನ್ನನ್ನು ಬಹಳ ದಿನದಿಂದ ಕಾಡಿದೆ.

ನಮ್ಮ ಚಿಗವ್ವ ಸೀರೆ ಕೊಳ್ಳುವ ರೀತಿ ನೋಡಿದವನಿಗೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ನೇಕಾರರ ಊರಿನಲ್ಲಿದ್ದು ಚಿಗವ್ವ ಅಂಗಡಿಯಲ್ಲಿ ಸೀರೆ ಕೊಂಡದ್ದೇ ಇಲ್ಲ. ಯಾರ ಮನೆಯ ಮಗ್ಗದಲ್ಲಿ ಎಳೆ ಹಾರಿದ ಸೀರೆ ಉಳಿದಿದೆ, ಯಾರು ಮಗಳ ಮದುವೆಗೆಂದು ಮಾಲು ಲಗೂ ಬಿಡಬೇಕಾಗಿದೆ, ಎಲ್ಲ ಆಕೆಗೆ ಗೊತ್ತು. ಅಂಥ ಮನೆಗೆ ಹೋದರೆ ಮೊದಲು ನೀರು ಕುಡಿದು, ಮಕ್ಕಳ ಸಾಲಿ ವಿಚಾರ ಮಾತಾಡಿ, ಕಡೆಗೆ ಸೀರೆ ಎತ್ತಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಬೆಳಕಿಗೆ ಹಿಡಿದು ಎರಡು ಕೈಯಿಂದ ಜಗ್ಗಿ, ಮೊಳಮೊಳವಾಗಿ ಸರಿಸುತ್ತ ಹೋಗುವಳು. ಎಳೆ ಹಾರಿದ ಕಡೆ ಸಣ್ಣ ಬೆಳಕಿನ ಗೆರೆ ಕಾಣುತ್ತದೆ. ಅಲ್ಲಿ ಬೆರಳಿಟ್ಟು, ಸೆರಗಿನಿಂದ ಅಲ್ಲಿಯ ತನಕ ಮತ್ತೆ ಮೊಳ ಹಾಕಿ, ಅದು ನಿರಿಗೆಯೊಳಗೆ ಹೋಗುತ್ತದೋ ಬೆನ್ನ ಮೇಲೆ ಬೀಳುತ್ತದೋ ಎಂದು ಲೆಕ್ಕ ಹಾಕುವಳು. ನಿರಿಗೆಯೊಳಗೆ ಹೋಗುವಂತಿದ್ದರೆ ಮುಖ ಸಿಂಡರಿಸುವಳು. ಬೆನ್ನ ಮೇಲೆ ಬೀಳುವಂತಿದ್ದರೆ ‘ಭಾಳ ಛಂದ ಐತಿ’ ಎಂದು ಹೊಗಳಿ ಮಡಿಚಿ ಇಟ್ಟುಬಿಡುವಳು. ಚೌಕಾಸಿಯ ಪಾಠ ನನಗೆ ಇನ್ಯಾರೂ ಹೇಳಬೇಕಾಗಿಲ್ಲ.

ಆ ಸೀರೆ ಉಟ್ಟು ಅರಿಶಿನ ಕುಂಕುಮಕ್ಕೆ ಹೋದಾಗ ಹೆಂಗಸರು ಸೆರಗು ಮುಟ್ಟಿ ಮುಟ್ಟಿ ಕೇಳುತ್ತಿದ್ದರು: ‘ಎಷ್ಟ್ ಕೊಟ್ರಿ ಅಕ್ಕಾರ?’

‘ದರ ನನಗೇನ್ ಗೊತ್ರೀ ಯವ್ವಾ, ಮನ್ಯಾಗಿನವರು ಕೊಟ್ಟ್ ಬಂದ್ರು. ನಾಳೆ ಮಧ್ಯಾಹ್ನ ಬಿಡುವ ಮಾಡ್ಕೊಂಡ್ ಬರ್ರಿ, ಆ ಮನಿಗೆ ನಾನ ಕರ್ಕೊಂಡ್ ಹೋಗ್ತೀನಿ.’

ಚಿಗವ್ವ ದರ ಹೇಳಿದ್ದನ್ನು ನಾನು ಕೇಳಿಲ್ಲ. ಕರೆದುಕೊಂಡು ಹೋಗದೆ ಬಿಟ್ಟದ್ದನ್ನೂ ಕೇಳಿಲ್ಲ. ದೊಡ್ಡವನಾದ ಮೇಲೆ ಒಮ್ಮೆ ಕಾರಣ ಕೇಳಿದೆ. ನೇಕಾರ ಆಕೆಗೆ ಆ ದರಕ್ಕೆ ಕೊಟ್ಟದ್ದು ಯಾವುದೋ ಹಳೆಯ ಉಪಕಾರಕ್ಕೆ, ಇಲ್ಲವೇ ಆ ದಿನದ ಅಡಚಣೆಗೆ. ಆ ದರ ಓಣಿಯಲ್ಲಿ ಹರಡಿದರೆ ಮರುದಿನ ಬಂದವರೆಲ್ಲ ಅದೇ ದರಕ್ಕೆ ಕೇಳುತ್ತಾರೆ, ಕೊಡದಿದ್ದರೆ ಅವನು ಕೆಟ್ಟವ. ‘ನಾವು ಸೋವಿ ಉಟ್ಟೇವಂತ ಅವನ ಹೊಟ್ಟಿ ಮ್ಯಾಲ ಹೊಡಿಯೂದೇನ?’ ಅಂದಳು ಚಿಗವ್ವ. ಗಿರಾಕಿಗಳನ್ನು ಕರೆದೊಯ್ದರೆ ಮಾತ್ರ ಅವನಿಗೂ ಲಾಭ, ಇವರಿಗೂ ಲಾಭ.

ದನದ ಜಾತ್ರೆಯಲ್ಲಿಯೂ ಅದೇ. ಮಾಮಾನ ಸಂಗಡ ಹೋದಾಗ ಎತ್ತುಗಳಿಗಿಂತ ನನಗೆ ದಲಾಲರ ಕೈಗಳೇ ಸೋಜಿಗ. ಮಾರುವವನ ಕೈಯೊಂದು, ದಲಾಲನ ಕೈಯೊಂದು, ಮೇಲೆ ಹೊದ್ದ ವಲ್ಲಿ. ವಲ್ಲಿಯ ಕೆಳಗೆ ಬೆರಳು ಹಿಡಿದೇ ದರ ಹೇಳುವುದು, ಬೆರಳು ಮಡಿಚಿಯೇ ಒಲ್ಲೆ ಎನ್ನುವುದು. ಮುಖಗಳು ಮಳೆಯ ಬಗ್ಗೆ ಮಾತಾಡುತ್ತಿರುತ್ತವೆ. ನಾನು ಕುಕ್ಕರಗಾಲಲ್ಲಿ ಕೂತು ಮಣಿಕಟ್ಟಿನ ನರ ನೋಡಿ ಎಷ್ಟು ಬೆರಳು ಎಂದು ಊಹಿಸಲು ನೋಡುತ್ತಿದ್ದೆ. ಮಾಮಾ ನನ್ನ ತಲೆಯನ್ನು ಹಿಡಿದು ಎತ್ತುಗಳ ಕಡೆ ತಿರುಗಿಸುತ್ತಿದ್ದ. ಆ ಎತ್ತನ್ನು ಯಾರಿಂದ ಕೊಂಡೆ, ಅವನ ಊರು ಯಾವುದು, ಅವನ ಕೊಟ್ಟಿಗೆಯಲ್ಲಿ ಇನ್ನೆಷ್ಟಿವೆ ಎಂಬುದನ್ನು ಮಾತ್ರ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಬರುತ್ತಿದ್ದ.

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಹಾಗಲ್ಲ, ಅಲ್ಲಿ ಸವಾಲು ಕೂಗುತ್ತಾರೆ, ದರ ಎಲ್ಲರ ಕಿವಿಗೂ ಬೀಳುತ್ತದೆ. ಅದು ಬೇರೆ, ಅಲ್ಲಿ ಬೆಳೆದವನಿಗೆ ಮೋಸವಾಗಬಾರದೆಂದೇ ಕೂಗುವುದು. ಆದರೆ ಕೈಯಿಂದ ಕೈಗೆ ಹೋಗುವ ವ್ಯವಹಾರದಲ್ಲಿ ನಮ್ಮ ಕಡೆಯ ರಿವಾಜು ದರ ಗುಟ್ಟು, ದಾರಿ ಬಯಲು. ಫೋನಿನಲ್ಲಿ ಅದು ತಿರುವುಮುರುವಾಗಿದೆ. ದರಕ್ಕೆ ಹಸಿರು ಗೆರೆ, ದಾರಿಗೆ ನಗುಮುಖ. ಹಸಿರು ಗೆರೆ ನೋಡಿ, ಹೋದ ತಿಂಗಳಷ್ಟೇ ಅದೇ ಇಂಜಿನ್ನನ್ನು ಪೂರ್ತಿ ದರಕ್ಕೆ ಕೊಂಡ ಧಾರವಾಡದ ಬಡಪಾಯಿಯ ಹೊಟ್ಟೆ ಉರಿಯುತ್ತದೆ. ಆತನ ಮನೆಯವರೂ ಆ ಫೋಟೊ ನೋಡಿದರೆ ಕಥೆ ಮುಗಿಯಿತು.

ಇದಕ್ಕೆ ಅಪವಾದ ನಮ್ಮ ಮುಧೋಳದ ಮಾಸ್ತರರು. ನಿವೃತ್ತ ಕನ್ನಡ ಮಾಸ್ತರರು. ರನ್ನನ ಊರಿನವರೆಂಬ ಹೆಮ್ಮೆ ಬೇರೆ. ಎಲ್ಲಿ ಏನು ಸೋವಿ ಕಂಡರೂ ತಾವು ಕೊಳ್ಳುವ ಮೊದಲೇ ಎಲ್ಲರಿಗೂ ಹೇಳಿಬಿಡುತ್ತಾರೆ. ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿ ದಾನಚಿಂತಾಮಣಿ ಎನಿಸಿಕೊಂಡವಳು. ಆ ಬಿರುದನ್ನು ಗುಂಪಿನವರು ಮಾಸ್ತರರಿಗೆ ದಾಟಿಸಿದ್ದಾರೆ. ಅರ್ಧ ಮೆಚ್ಚಿಗೆ, ಅರ್ಧ ಚೇಷ್ಟೆ. ಯಾಕೆಂದರೆ ಮಾಸ್ತರರ ಸುದ್ದಿಯಿಂದ ಎಲ್ಲರ ಮನೆಗೂ ಇಂಜಿನ್ನು ಬಂದಿವೆ, ಮಾಸ್ತರರ ಮನೆಯಲ್ಲಿ ಇನ್ನೂ ಮೊಮ್ಮಗನಿಗೆಂದು ತಂದ ಸೆಂಟಿ ಕಂಪನಿಯ ಬ್ಯಾಟರಿ ರೈಲು ಮತ್ತು ಎರಡು ಹಳೆಯ ಇಂಜಿನ್ನುಗಳೇ ಓಡುತ್ತಿವೆ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.

ಅವುಗಳನ್ನು ಓಡಿಸುವುದೂ ಸುಲಭವಿಲ್ಲ. ಮಾಸ್ತರರ ಮನೆಯಲ್ಲೊಂದು ಮುಧೋಳ ನಾಯಿ ಇದೆ. 2005ರಲ್ಲಿ ಅಂಚೆಯ ಚೀಟಿಯ ಮೇಲೆ ಬಂದ ತಳಿ. ಮೂಸಿ ಬೇಟೆಯಾಡುವ ಜಾತಿಯಲ್ಲ, ಕಂಡದ್ದರ ಬೆನ್ನು ಹತ್ತುವ ಜಾತಿ. ಪಡಸಾಲೆಯ ನೆಲದ ಮೇಲೆ ಹಳಿ ಹಾಸಿ ಗೂಡ್ಸ್ ಗಾಡಿ ಬಿಟ್ಟರೆ, ಜಾಳಿಗೆಯ ಬಾಗಿಲ ಆಚೆ ಆ ಉದ್ದ ಮೋರೆ ಗಾಡಿಯ ಜೊತೆಗೇ ಎಡಕ್ಕೆ ಬಲಕ್ಕೆ ತಿರುಗುತ್ತಿರುತ್ತದೆ. ಒಮ್ಮೆ ಯಾರೋ ಚಿಲಕ ಸರಿಯಾಗಿ ಹಾಕಲಿಲ್ಲ. ಗಾಡಿ ರಟ್ಟಿನ ಸುರಂಗದಿಂದ ಹೊರಬಂದದ್ದಷ್ಟೇ ನಾವು ಕಂಡದ್ದು. ಮೂರನೆಯ ವ್ಯಾಗನ್ನು ಹಿತ್ತಲಿನ ಬಾಳೆಗಿಡದ ಬುಡದಲ್ಲಿ ಸಿಕ್ಕಿತು. ಹಲ್ಲಿನ ಗುರುತಿನ ಸಮೇತ ಮಾಸ್ತರರು ಅದನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಬಂದವರು ಆ ನಾಯಿಯ ಮರಿಗೆ ದರ ಎಷ್ಟೆಂದು ಕೇಳಿದರೆ ಅವರು ಮರಿ ಸಾಕುವವರ ಊರು, ದಾರಿ, ಬಸ್ಸಿನ ವೇಳೆ ಎಲ್ಲ ಹೇಳುತ್ತಾರೆ, ದರ ಹೇಳುವುದಿಲ್ಲ. ನಾಯಿಯ ವಿಷಯದಲ್ಲಿ ಚಿಗವ್ವನ ಪಂಥದವರೇ.

ಬೆಳಗಾವಿಯ ಸುದ್ದಿ ಅವರಿಗೇ ಮೊದಲು ಬಂದದ್ದು. ಕ್ಯಾಂಪ್ ಕಡೆಯ ಹಳೆಯ ಮನೆ. ಯಜಮಾನರು ಬಟ್ಟೆ ಪೇಟೆಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಮುಂಬೈಗೆ ಹೋದಾಗಲೆಲ್ಲ ಒಂದೊಂದು ಆಟದ ರೈಲು ತಂದು ಕೂಡಿಹಾಕಿದ್ದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ, ನಮಗೆ ಅಕ್ಕಾರು, ಮನೆ ಸಣ್ಣದು ಮಾಡಿಕೊಂಡು ಮಗನ ಕಡೆಗೆ ಹೋಗುವವರಿದ್ದರು. ಪರಿಚಯದವರ ಮೂಲಕ ಮಾಸ್ತರರಿಗೆ ಹೇಳಿಕಳಿಸಿದ್ದರು. ಮಾಸ್ತರರು ಈ ಒಂದನ್ನು ಮಾತ್ರ ಗುಂಪಿಗೆ ಹಾಕಲಿಲ್ಲ. ‘ಹೆಣ್ಮಗಳ ಮನಿ. ಫೋನ್ ನಂಬರ್ ಹಾಕಿದ್ರ ನಾಳೆ ಮುಂಜಾನೆ ಹತ್ತ್ ಮಂದಿ ಬಾಗಿಲಕ್ಕ ನಿಂತ್ ಚೌಕಾಸಿ ಮಾಡ್ತಾರ’ ಎಂದು ನನ್ನನ್ನು ಕರೆದುಕೊಂಡು ಹೋದರು.

ಅಕ್ಕಾರು ಅವಲಕ್ಕಿ ಕೊಟ್ಟು ಮಂಚದ ಮೇಲೆ ಡಬ್ಬಿಗಳನ್ನು ಹರವಿದರು. ಹಾರ್ನ್‌ಬಿ, ಇಟಲಿಯ ಲೀಮಾ. ಹಾರ್ನ್‌ಬಿಯ ಇಂಜಿನ್ನುಗಳು ಎಪ್ಪತ್ತಾರರಲ್ಲಿ ಒಂದು ಪಾಲಿನವು, ಲೀಮಾದವು ಎಂಬತ್ತೇಳರವು, ಓಡುವುದು ಮಾತ್ರ ಅದೇ ಹದಿನಾರೂವರೆ ಮಿಲಿಮೀಟರಿನ ಹಳಿಯ ಮೇಲೆ. ನನ್ನ ಕೈ ಒಂದು ಹಸಿರು ಸ್ಟೀಮ್ ಇಂಜಿನ್ನಿನ ಮೇಲೆ ತಾನಾಗಿ ಹೋಯಿತು. ಗಾಲಿ ಬೆರಳಿನಿಂದ ತಿರುಗಿಸಿದೆ. ಗ್ರೀಸು ಒಣಗಿ ಗಟ್ಟಿಯಾಗಿತ್ತು, ಹಲ್ಲುಗಳು ಸರಿಯಿದ್ದವು. ‘ಒಂದೊಂದಕ್ಕ ಮುನ್ನೂರು ಕೊಟ್ಟುಬಿಡ್ರಿ’ ಅಂದರು ಅಕ್ಕಾರು. ನಾನು ಅವಲಕ್ಕಿ ನುಂಗಿದೆ. ಅಲ್ಲಿದ್ದ ಯಾವುದೂ ಪೇಟೆಯಲ್ಲಿ ಅದರ ಹತ್ತರಷ್ಟಕ್ಕೂ ಸಿಗುವಂಥದ್ದಲ್ಲ. ಇಂಥ ಹೊತ್ತಿನಲ್ಲಿ ಬಾಯಿ ತೆರೆಯಬೇಕೇ, ಮುಚ್ಚಬೇಕೇ? ಎತ್ತಿನ ಹಲ್ಲು ನೋಡಿದ ಮಾಮಾ ಆಗಿದ್ದರೆ ಮಳೆಯ ಬಗ್ಗೆ ಮಾತಾಡುತ್ತಿದ್ದ. ನಾನು ಮಾಸ್ತರರ ಮುಖ ನೋಡಿದೆ. ಮಾಸ್ತರರು ಡಬ್ಬಿಯ ಮುಚ್ಚಳ ತಿರುವಿ ನೋಡುತ್ತಿದ್ದರು.

ಮುಚ್ಚಳದ ಒಳಬದಿಗೆ ಪೆನ್ಸಿಲ್ಲಿನಿಂದ ಸಣ್ಣಗೆ ಮೂರು ನಾಲ್ಕು ಅಕ್ಷರ, ಅರ್ಥವಿಲ್ಲದ್ದು. ಎಲ್ಲ ಡಬ್ಬಿಯಲ್ಲೂ ಇತ್ತು. ಬಟ್ಟೆ ಪೇಟೆಯ ಗಾಳಿ ಕುಡಿದವನಾದ ನನಗೆ ಅದು ಏನೆಂದು ಹೊಳೆಯಿತು. ಹಳೆಯ ಅಂಗಡಿಕಾರರು ಸೀರೆಯ ಚೀಟಿಯ ಮೇಲೆ ತಮಗೆ ಬಿದ್ದ ದರವನ್ನು ಹೀಗೆ ಅಕ್ಷರದಲ್ಲಿ ಬರೆಯುತ್ತಾರೆ. ಹತ್ತು ಬೇರೆ ಬೇರೆ ಅಕ್ಷರದ ಒಂದು ಮಾತು ಆರಿಸಿಕೊಂಡು, ಒಂದರಿಂದ ಸೊನ್ನೆಯ ತನಕ ಒಂದೊಂದು ಅಂಕಿಗೆ ಒಂದೊಂದು ಅಕ್ಷರ. ಆ ಮಾತು ಗೊತ್ತಿಲ್ಲದವನಿಗೆ ಚೀಟಿ ಬರೀ ಗೀಚು. ಗಲ್ಲೆಯ ಮೇಲೆ ಕೂತವನು ಗಿರಾಕಿಯ ಕಣ್ಣೆದುರೇ ಓದಿ ಎಷ್ಟರ ತನಕ ಇಳಿಯಬಹುದೆಂದು ತಿಳಿದುಕೊಳ್ಳುತ್ತಾನೆ. ‘ಇದು ದರ ಇರಬೇಕ್ರಿ’ ಅಂದೆ.

‘ದರಾನ ಮತ್ತ’ ಅಂದರು ಅಕ್ಕಾರು. ಚಷ್ಮಾ ಏರಿಸಿ ಮುಚ್ಚಳ ಇಸಿದುಕೊಂಡು ಸರಾಗವಾಗಿ ಓದಿದರು. ‘ಇದು ಸಾವಿರದ ಎಂಟ್ನೂರರದ್ದು. ನನಗ ಹೇಳಿದ್ದು ಎಂಬತ್ತು.’ ಇನ್ನೊಂದು ತೆಗೆದರು. ‘ಇದು ಎರಡೂವರಿ ಸಾವಿರ. ಪುಕ್ಕಟ ಬಂತಂದಿದ್ರು, ಯಾರೋ ಮಾರವಾಡಿ ದೋಸ್ತ್ ಕೊಟ್ಟಾನಂತ.’ ಹೀಗೆ ಒಂದೊಂದೇ ಓದುತ್ತ, ಅಂದು ಗಂಡ ಹೇಳಿದ್ದ ದರ ಹೇಳುತ್ತ, ನಗುತ್ತ ಕೂತರು. ಗಂಡ ಲೆಕ್ಕ ಬರೆಯುತ್ತಿದ್ದ ಅಂಗಡಿಯ ಹತ್ತಕ್ಷರದ ಮಾತು ಮದುವೆಯಾದ ವರ್ಷವೇ ಅವರಿಗೆ ಗೊತ್ತಾಗಿತ್ತಂತೆ. ‘ಸೀರಿ ತಂದಾಗ ಚೀಟಿ ಹಚ್ಚೇ ಇರ್ತಿತ್ತಲ್ರೀ. ಅದನ್ನೂ ತಿಳ್ಕೊಳ್ಳದ ಸಂಸಾರ ಮಾಡಾಕ ಬರ್ತೈತೇನ್ರಿ?’

ಹಾಗಾದರೆ ಮುನ್ನೂರು ಯಾಕೆ ಕೇಳಿದಿರಿ ಎಂದು ಮಾಸ್ತರರು ಕೇಳಿದರು. ಅಕ್ಕಾರು ಚಷ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡರು. ‘ನೀವೇನ್ ಅಂತೀರಿ ನೋಡೋಣಂತ.’ ನನಗೆ ಅವಲಕ್ಕಿ ಗಂಟಲಲ್ಲಿ ನಿಂತಿತು. ಕಡೆಗೆ ಮುಚ್ಚಳದೊಳಗಿನ ದರಕ್ಕೇ ಮಾತಾಯಿತು. ಅದು ಇಪ್ಪತ್ತು ಮೂವತ್ತು ವರ್ಷದ ಹಿಂದಿನ ದರವಾದ್ದರಿಂದ ನಮಗೆ ಈಗಲೂ ಸೋವಿಯೇ. ಉಳಿದ ಡಬ್ಬಿಗಳ ಸುದ್ದಿಯನ್ನು ಮಾಸ್ತರರು ಗುಂಪಿನಲ್ಲಿ ಹಾಕದೆ, ಯಾರಿಗೆ ಯಾವುದು ಬೇಕಾಗಬಹುದೆಂದು ಯೋಚಿಸಿ ಒಬ್ಬೊಬ್ಬರಿಗೇ ಫೋನು ಮಾಡಿ ಹಂಚಿದರು. ಪುಣೆಯ ಮಹಾಶಯರಿಗೂ ಮಾಡಿದರು. ಅದು ನನಗೆ ಸರಿಬರಲಿಲ್ಲ, ಹೇಳಿಯೂ ಹೇಳಿದೆ. ‘ಅವರಿಗೆ ಲೀಮಾ ಇಂಜಿನ್ನು ಅಂದ್ರ ಜೀವ’ ಎಂದು ಮಾಸ್ತರರು ನನ್ನ ಬಾಯಿ ಮುಚ್ಚಿಸಿದರು.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವನು ಬೀಳಗಿಯ ಕಡೆಯ ಹುಡುಗ, ಇಂಜಿನಿಯರಿಂಗ್ ಓದುತ್ತಾನೆ. ಅವನ ಅಜ್ಜನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಹೋಗಿ, ಮನೆಯವರು ಪುನರ್ವಸತಿ ಕೇಂದ್ರಕ್ಕೆ ಬಂದವರು. ಆಲಮಟ್ಟಿ–ಸೀತಿಮನಿ ನಡುವೆ ಕೃಷ್ಣೆಯ ಮೇಲಿನ ರೈಲು ಸೇತುವೆಯನ್ನು, ಅಜ್ಜ ನೋಡಿದ ಮೀಟರ್ ಗೇಜಿನ ಕಾಲದಲ್ಲಿ ಇದ್ದ ಹಾಗೆ ಮಾಡಬೇಕೆಂದು ಅವನ ಆಸೆ. ಅವನಿಗೂ ಬೇಕಾದದ್ದು 12 ಮಿಲಿಮೀಟರಿನ ಹಳಿ, ನನಗೂ ಬೇಕಾದದ್ದು ಅದೇ. ನಮ್ಮ ದೇಶದಲ್ಲಿ ಅದು ಎಲ್ಲಿಯೂ ಸಿಗುತ್ತಿರಲಿಲ್ಲ. 2022ರಲ್ಲಿ ಹಾರ್ನ್‌ಬಿಯವರು ನೂರಿಪ್ಪತ್ತರಲ್ಲಿ ಒಂದು ಪಾಲಿನ ಹೊಸ ಸಾಲನ್ನು ಹೊರತಂದ ಮೇಲೆ, ಅದರ ಹಳಿಯೂ 12ರದೇ ಆದ್ದರಿಂದ, ಅಲ್ಲೊಂದು ಇಲ್ಲೊಂದು ಕಾಣತೊಡಗಿತು.

ಒಂದು ಸಂಜೆ ಹುಡುಗ ಅಂಥ ಹಳಿಯ ಕಟ್ಟೊಂದನ್ನು ಬೆಂಗಳೂರಿನ ಅಂಗಡಿಯ ಪುಟದಲ್ಲಿ ಕಂಡ. ತಲಾ ಒಂದು ಗಜದ ಬಾಗುವ ಹಳಿಗಳು, ತೆರವಿನ ದರ. ಕಂಡವನೇ ಲಿಂಕ್ ಸಮೇತ ಗುಂಪಿಗೆ ಹಾಕಿದ. ತನ್ನ ಅಪ್ಪನಿಗೆ ಫೋನು ಮಾಡಿ ರೊಕ್ಕ ಕೇಳಿ ತಿರುಗಿ ಬರುವಷ್ಟರಲ್ಲಿ ಇಡೀ ಕಟ್ಟು ಮಾರಾಟವಾಗಿತ್ತು. ಯಾರೋ ಒಬ್ಬರು ಎಲ್ಲವನ್ನೂ ಎತ್ತಿದ್ದರು. ಗುಂಪಿನಲ್ಲಿ ಯಾರೂ ನಾನೇ ಅನ್ನಲಿಲ್ಲ, ಥ್ಯಾಂಕ್ಸ್ ಎಂದೂ ಬರೆಯಲಿಲ್ಲ. ಹುಡುಗ ನನಗೆ ಬೇರೆಯಾಗಿ ಬರೆದ: ‘ಸರ್ರ, ಮೊದಲ ತಗೋಬೇಕೋ, ಮೊದಲ ಹೇಳಬೇಕೋ?’

ಮೊದಲು ತಗೋ ಮಾರಾಯ, ಎಂದು ನಾನು ಬರೆದೆ. ಅದನ್ನೇ ಅವನು ಮಾಸ್ತರರಿಗೂ ಕೇಳಿದ್ದನಂತೆ. ಮೊದಲು ಹೇಳು, ಎಂದು ಅವರು ಬರೆದಿದ್ದರು. ಮುಂದಿನ ಸಲ ಮುಧೋಳಕ್ಕೆ ಹೋದಾಗ ಈ ಬಗ್ಗೆ ನಮ್ಮಿಬ್ಬರಿಗೆ ಜೋರು ವಾದವಾಯಿತು. ತನಗೆ ಇಟ್ಟುಕೊಂಡು ಹೇಳುವವನ ಮಾತಿಗೆ ಬೆಲೆಯಿಲ್ಲ ಎಂದು ಅವರು. ತನಗೇ ಸಿಗದವನು ನಾಲ್ಕು ಸಲ ಹೇಳಿ ಐದನೆಯ ಸಲಕ್ಕೆ ಹೇಳುವುದನ್ನೇ ಬಿಡುತ್ತಾನೆ ಎಂದು ನಾನು. ಅವರು ಗದಾಯುದ್ಧದ ತನಕ ಹೋದರು. ನಾನು ಚಿಗವ್ವನ ಹೆಸರೆತ್ತಿದೆ. ಚಿಗವ್ವನನ್ನೇ ಕೇಳಿಬಿಡೋಣ ಎಂದು ಸ್ಪೀಕರಿಗೆ ಹಾಕಿ ಫೋನು ಮಾಡಿದೆವು. ಆಕೆಗೆ ಈಗ ಕಿವಿ ಮಂದ. ಹಳಿ ಎಂದರೆ ಏನೆಂದು ತಿಳಿಸಲಿಕ್ಕೇ ಅರ್ಧ ತಾಸು ಹಿಡಿಯಿತು.

‘ಸಂಚಕಾರ ಕೊಟ್ಟ್ ಬಂದು ಹೇಳಬೇಕೋ ತಮ್ಮಾ’ ಅಂದಳು. ‘ಒಂದಕ್ಕಷ್ಟ ಸಂಚಕಾರ. ಎಲ್ಲಾದಕ್ಕೂ ಅಲ್ಲ.’

ಮಾಸ್ತರರು ನಾನು ಗೆದ್ದೆ ಅಂದರು, ನಾನು ನಾನು ಗೆದ್ದೆ ಅಂದೆ. ನಾಯಿ ಬೊಗಳಿತು. ಹುಡುಗನಿಗೆ ಚಿಗವ್ವನ ಮಾತನ್ನು ಇದ್ದ ಹಾಗೇ ಬರೆದು ಕಳಿಸಿದೆವು. ಮುಂದಿನ ತಿಂಗಳು ಗುಂಪಿನಲ್ಲಿ ಅವನ ಸುದ್ದಿ ಬಂತು: ‘ಹಳಿ ಮೂರು ಕಟ್ಟ ಇದ್ವು. ಒಂದಕ್ಕ ನಾ ರೊಕ್ಕ ಹಾಕೇನಿ. ಎರಡು ಉಳದಾವು, ಅಂಗಡಿ ಲಿಂಕ್ ಕೆಳಗ ಐತಿ, ಲಗೂ ನೋಡ್ರಿ.’ ದರ ಬರೆದಿರಲಿಲ್ಲ. ನಾನು ಚಹಾ ಬಿಟ್ಟು ಎದ್ದು ಒಂದು ಕಟ್ಟು ಕೊಂಡೇಬಿಟ್ಟೆ. ಪಾರ್ಸೆಲ್ಲು ಬಂದಾಗ ನೋಡಿದರೆ 9 ಮಿಲಿಮೀಟರಿನದು. ಅವನಿಗೆ ಈಗ ಸೇತುವೆಗಿಂತ ಮೊದಲು, ಅಣೆಕಟ್ಟು ಕಟ್ಟುವಾಗ ಕಲ್ಲು ಸಾಗಿಸುವ ಸಣ್ಣ ರೈಲು ಮಾಡುವ ಯೋಚನೆ ಬಂದಿದೆಯಂತೆ. ನನಗೂ ಅಡ್ಡಿಯಿಲ್ಲ, ಪಂಢರಪುರದ ಹಳಿಗೆ ಆಗುತ್ತದೆ. ಕೋಣೆಯ ಕೀಲಿ ಕೇಳಿದೆ. ‘ಎಷ್ಟ್ ಕೊಟ್ರಿ?’ ಎಂದು ಮನೆಯಾಕೆ ಕೇಳಿದಳು. ಅಂಗಡಿ ಯಾವುದು, ಎಲ್ಲಿದೆ, ಯಾವ ಬಸ್ಸು ಹಿಡಿಯಬೇಕು, ಎಲ್ಲ ವಿವರವಾಗಿ ಹೇಳಿದೆ.